ನೂರ ಎಂಬತ್ತನೇ ಪುಟದ ಕಪ್

ಅಕ್ಟೋಬರ್ 3

ನನ್ನ ತಾಯಿಗೆ ಬೆಳವಣಿಗೆ ಇಲ್ಲವಂತೆ.

ಪ್ರಕಾಶನದ ಕಚೇರಿಯಲ್ಲಿ, ಗಾಜಿನ ಮೇಜಿನಾಚೆ ಕುಳಿತು, ಸಂಪಾದಕಿ ಉರ್ವಶಿಬೆನ್ ಮಜಮುದಾರ್ ಇಂದು ಹೇಳಿದ್ದು ಇದು. ಒಂಬತ್ತು ವರ್ಷ ಬರೆದ ಕಾದಂಬರಿ. ಮುನಿಸಿಪಾಲಿಟಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಭಾಗಾಕಾರ ಹಾಕಿಕೊಟ್ಟು, ಮಕ್ಕಳು ಬಿಡಿಸುವಷ್ಟು ಹೊತ್ತಿನಲ್ಲಿ ಬರೆದದ್ದು. ನನ್ನ ಮೊದಲನೆಯದು. ಅಹಮದಾಬಾದಿನ ಇಷ್ಟು ದೊಡ್ಡ ಪ್ರಕಾಶನ ಗೋಮತೀಪುರದ ಚಾಳಿಯವರ, ಮಿಲ್ ಕೂಲಿಗಳ ವಠಾರದವರ, ಪುಸ್ತಕ ಮುಟ್ಟುತ್ತಿರುವುದೂ ಇದೇ ಮೊದಲು. ಅದನ್ನು ಅವರೇ ಎರಡು ಸಲ ನೆನಪಿಸಿದರು.

"ಜಾಗೃತಿಬೆನ್, ನಿಮ್ಮ ಭಾಷೆ ಬೆಂಕಿ. ಆದ್ರೆ ಈ ತಾಯಿ ಪಾತ್ರ ನಿಂತಲ್ಲೇ ನಿಂತಿದೆ. ಮೂವತ್ತೊಂದು ವರ್ಷ ಆ ಶೇಠ್ ಬಂಗಲೇಲಿ ಅಂಗಳ ಗುಡಿಸ್ತಾಳೆ, ಕಕ್ಕಸು ತೊಳೀತಾಳೆ. ಹಿತ್ತಲ ಗೂಡಲ್ಲಿ ಅವಳಿಗೆ ಅಂತಾನೇ ಇಟ್ಟ ಬಟ್ಟಲಲ್ಲಿ ಚಹಾ ಕುಡೀತಾಳೆ. ಒಂದು ದಿನನಾದ್ರೂ ಸಿಟ್ಟು ಬರಲ್ವಾ? ಓದೋರು ನಂಬಲ್ಲ."

ನಂಬುವುದಿಲ್ಲ! ಬಟ್ಟಲನ್ನು ಬೇರೆ ಇಟ್ಟವರು ನಂಬುವುದಿಲ್ಲ!

ಒಂದು ಪಟ್ಟಿ ಕೊಟ್ಟರು. ನೂರ ಎಂಬತ್ತನೇ ಪುಟದ ಹೊತ್ತಿಗೆ ಏನಾದರೂ ಸಿಡಿಯಬೇಕು. ಶೇಠಾಣಿ ಪೂರ್ತಿ ಕೆಟ್ಟವಳಾಗಬಾರದು, ಅವಳಿಗೂ ಒಂದು ನೋವಿರಲಿ, "ಅರೆತಲೆನೋವಾದ್ರೂ ಕೊಡಿ". ಮತ್ತೆ ಕೊನೆಯಲ್ಲಿ ‘ರಾಮಪಾತರ’ ಎಂಬ ಮಾತಿಗೆ ಅರ್ಥ ಕೊಡಬೇಕಂತೆ. ನಮ್ಮವರಿಗೆಂದು ಹೊರಗಿಟ್ಟ ಪಾತ್ರೆಗೆ ದೇವರ ಹೆಸರಿಟ್ಟವರು ಅವರ ಅಜ್ಜ ಅಜ್ಜಿಯರು. ಅರ್ಥ ಹೇಳಬೇಕಾದವಳು ನಾನು!

ಮನೆಗೆ ಬಂದು ತಾಯಿಗೆ, ನನ್ನ ಮಾಗೆ, ಹೇಳಿದೆ. ಕಿವಿ ಮುರಿದ ತನ್ನ ಕಪ್ಪನ್ನು ಸೆರಗಿನಲ್ಲಿ ಹಿಡಿದು ಚಹಾ ಊದುತ್ತಿದ್ದಳು.

"ಬೆಳೆದಿಲ್ಲ ಅಂದ್ರಾ? ಸರಿಯಾಗೇ ಹೇಳಿದಾರೆ. ಮದುವೇಲಿ ಎಷ್ಟಿದ್ನೋ ಅಷ್ಟೇ ಇದೀನಿ. ನಿಮ್ಮಪ್ಪ ನನ್ನ ಗೂಟ ಅಂತಿದ್ರು."

ನಗು ಬರಲಿಲ್ಲ.

ಅಕ್ಟೋಬರ್ 5

ಬದಲಾಯಿಸುವುದಿಲ್ಲ. ಒಂದು ಸಾಲನ್ನೂ ಬದಲಾಯಿಸುವುದಿಲ್ಲ.

ಅಕ್ಟೋಬರ್ 11

ಖೇಮಚಂದ್ ಕಾಕಾ ಬಂದಿದ್ದರು. ಅಪ್ಪನ ಜೊತೆ ಮಿಲ್ಲಿನಲ್ಲಿ ನೂಲು ಸುತ್ತಿದವರು, ಮುಷ್ಕರದಲ್ಲಿ ತಲೆ ಒಡೆಸಿಕೊಂಡವರು. ಮಿಲ್ಲು ಮುಚ್ಚಿದ ಮೇಲೆ ಒಂದು ಹಳೆಯ ಅಚ್ಚಿನ ಯಂತ್ರ ಇಟ್ಟುಕೊಂಡು ಚಳವಳಿಯ ಕರಪತ್ರ, ಮದುವೆ ಕಾಗದ ಎರಡನ್ನೂ ಒಂದೇ ಮಸಿಯಲ್ಲಿ ಹೊಡೆಯುತ್ತಾರೆ. ನನಗೆ ಜಾಗೃತಿ ಎಂದು ಹೆಸರಿಟ್ಟವರೂ ಅವರೇ. ಸಂಪಾದಕಿಯನ್ನು ನನ್ನೊಡನೆ ಸೇರಿ ಬೈಯುತ್ತಾರೆ ಎಂದುಕೊಂಡಿದ್ದೆ.

"ಅರೆತಲೆನೋವು ಬೇಡ. ಆದ್ರೆ ಒಡೆಯೋ ಮಾತು ಮಾತ್ರ ಖರೇ ಕಣಮ್ಮ" ಎಂದರು. "ಒಡೀಲಿ! ಶೇಠಾಣಿ ಕಾಲ ಮುಂದೇನೇ ಬಟ್ಟಲು ಚೂರಾಗ್ಲಿ! ನಮ್ಮ ಹೆಂಗಸರು ಸುಮ್ನೆ ಇದ್ರು ಅಂತ ಬರೆಯೋಕೆ ನೀನೇ ಬೇಕಾ? ಅದನ್ನ ಅವರೇ ನೂರು ವರ್ಷದಿಂದ ಬರೀತಿದಾರೆ."

ಒಳಗಿನಿಂದ ಮಾ ಕೇಳಿದಳು: "ಖೇಮಾಭಾಯ್, ನಿಮ್ಮನೇಲಿ ಕಪ್ ತೊಳೆಯೋದು ಯಾರು?"

"ನಿಮ್ಮ ಭಾಭಿ."

"ಅದಕ್ಕೇ ಒಡೀರಿ ಒಡೀರಿ ಅಂತೀರ."

ಕಾಕಾ ಗಹಗಹಿಸಿ ನಕ್ಕರು. ನನ್ನನ್ನು ನಿದ್ದೆಯಿಂದ ಎಬ್ಬಿಸಿದ ಹಾಗಾಯಿತು, ಮಾ ಮಾತಿಗಲ್ಲ, ಕಾಕಾ ಮಾತಿಗೆ. ಅಚ್ಚ ಬಿಳಿ ಸೀರೆಯ ಸಂಪಾದಕಿ ಮತ್ತು ಮಸಿ ಬಳಿದ ಕಾಕಾ ಇಬ್ಬರೂ ಒಂದೇ ಪುಟದಲ್ಲಿ ಒಂದೇ ಸದ್ದು ಕೇಳುತ್ತಿದ್ದಾರೆ. ಇಬ್ಬರೂ ತಪ್ಪಿರಲು ಸಾಧ್ಯವೇ?

ಅಕ್ಟೋಬರ್ 24

ಮಾಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದೆ. ನೋಟ್‌ಬುಕ್ ತೆರೆದು, ದಿನಾಂಕ ಹಾಕಿ, ಕ್ರಮವಾಗಿ. ಇಷ್ಟು ವರ್ಷ ಕೇಳದೆ ಬರೆದದ್ದೇ ತಪ್ಪು. ಒಂದು ಸಲವೂ ಅವಳು ನನ್ನನ್ನು ಆ ಝವೇರಿ ಶೇಠರ ಬಂಗಲೆಗೆ ಕರೆದೊಯ್ದವಳಲ್ಲ, ರಜೆಯಲ್ಲಿ ಅತ್ತು ಹೊರಳಾಡಿದರೂ ಇಲ್ಲ. ಹಾಗಾಗಿ ಆ ಬಟ್ಟಲನ್ನು ನಾನು ಕಂಡಿಲ್ಲ. ಕಾದಂಬರಿಯಲ್ಲಿ ಕೆಂಪು ಮಣ್ಣಿನದೆಂದು ಬರೆದಿದ್ದೇನೆ. ಮಣ್ಣೆಂದರೆ ಒಂದು ಅರ್ಥ ಬರುತ್ತದೆ.

"ಆ ಬಟ್ಟಲಲ್ಲಿ ಕುಡಿಯೋವಾಗ ನಿಂಗೆ ಸಿಟ್ಟು ಬರ್ತಿತ್ತಾ?"

"ಬರ್ತಿತ್ತು."

"ಆಮೇಲೆ?"

"ಆಮೇಲೆ ಬಸ್ ಬರ್ತಿತ್ತು."

"ಮಾ, ನಾನು ಕೆಲಸದ ವಿಷಯ ಕೇಳ್ತಿದೀನಿ. ಅವರು ಮೇಲಿಂದ ಚಹಾ ಹೊಯ್ತಿದ್ರಲ್ವಾ, ಪಾತ್ರೆ ತಗಲಬಾರದು ಅಂತ. ಒಂದು ಸಲನಾದ್ರೂ ಅದನ್ನ ಎತ್ತಿ ಬಿಸಾಕ್ಬೇಕು ಅನಿಸಲಿಲ್ವಾ?"

"ಬಿಸಾಕಿದ್ರೆ ನಾಳೆ ಯಾವುದ್ರಲ್ಲಿ ಕುಡೀಲಿ? ಬೆಳಿಗ್ಗೆ ಐದಕ್ಕೆ ಬಿಟ್ಟೋಳು, ಹತ್ತಕ್ಕೆ ಆ ಚಹಾ. ನೀನು ಕುಡಿದು ನೋಡಿದೀಯಾ ಅದನ್ನ? ಶುಂಠಿ, ಏಲಕ್ಕಿ, ಗಟ್ಟಿ ಹಾಲು. ಚಹಾ ಮಾತ್ರ ಮೋಸ ಮಾಡ್ತಿರಲಿಲ್ಲ ಕಣೆ."

ಚಹಾ ಚೆನ್ನಾಗಿತ್ತಂತೆ! ಇದನ್ನು ಯಾವ ಬಾಯಲ್ಲಿ ಬರೆಯಲಿ? ಯಾವ ಮೆರವಣಿಗೆಯಲ್ಲಿ ಕೂಗಲಿ? ನೋಟ್‌ಬುಕ್ ಮುಚ್ಚಿದೆ. ಇವಳನ್ನು ಇಟ್ಟುಕೊಂಡು ಏನೂ ಬರೆಯಲಾಗದು. ಕಾಕಾ ಹೇಳಿದ್ದು ಸರಿ. ಇವಳು ಮಾಡದೇ ಹೋದದ್ದನ್ನು ಮಾಡಿಸುವುದೇ ಬರೆಯುವವಳ ಕೆಲಸ.

ನವೆಂಬರ್ 3

ಬರೆದೆ!

ಭಾನುವಾರ. ಬೆಳಗಿನಿಂದ ಎದ್ದಿಲ್ಲ. ನೂರ ಎಂಬತ್ತನೇ ಪುಟ. ಶೇಠಾಣಿ ಮೇಲಿನಿಂದ ಚಹಾ ಹೊಯ್ಯುತ್ತಾಳೆ. ನನ್ನ ತಾಯಿ ಜೀವಿ, ಕಾದಂಬರಿಯ ರೂಖಿ, ಬಟ್ಟಲನ್ನು ಎತ್ತುತ್ತಾಳೆ. ತುಟಿಗಲ್ಲ, ತಲೆಯ ಮೇಲಕ್ಕೆ. ಅಮೃತಶಿಲೆಯ ನೆಲದ ಮೇಲೆ ಚಹಾ, ಮಣ್ಣು, ಚೂರು. "ನಿಮ್ಮ ರಾಮ, ನಿಮ್ಮ ಪಾತರ, ನೀವೇ ಇಟ್ಕೊಳ್ಳಿ!" ಮುಂಬಾಗಿಲಿನಿಂದಲೇ ಹೊರಟುಹೋಗುತ್ತಾಳೆ. ಓದಿದರೆ ಕಣ್ಣಲ್ಲಿ ನೀರು ಬಂತು. ಅಪ್ಪ ಇದ್ದಿದ್ದರೆ ಹೆಗಲು ತಟ್ಟುತ್ತಿದ್ದ.

ನಡುವೆ ಮಾ ಎರಡು ಸಲ ಊಟಕ್ಕೆ ಕರೆದಳು. ಎರಡನೇ ಸಲ ಗದರಿದೆ. ರೊಟ್ಟಿ ಮುಚ್ಚಿಟ್ಟು ಪಕ್ಕದ ಮನೆಗೆ ಹೋದಳು.

ನವೆಂಬರ್ 6

ಉರ್ವಶಿಬೆನ್ ಫೋನು: "ಮೈ ಜುಮ್ ಅಂತು ಜಾಗೃತಿಬೆನ್! ಈಗ ಅವಳು ಮನುಷ್ಯಳಾದಳು."

ಈಗ. ಅಂದರೆ ಇಷ್ಟು ದಿನ ಏನಾಗಿದ್ದಳು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಜನವರಿಯಲ್ಲಿ, ಉತ್ತರಾಯಣದ ಗಾಳಿಪಟ ಏರುವ ಮುಂಚೆ, ಪುಸ್ತಕ ಬಿಡುಗಡೆಯಂತೆ.

ಶೇಠಾಣಿಗೆ ಅರೆತಲೆನೋವು ಕೊಟ್ಟೆ. ನಾಲ್ಕು ಸಾಲು. ಅದರಿಂದ ಏನೂ ಕೆಡುವುದಿಲ್ಲ.

ನವೆಂಬರ್ 12

ದೀಪಾವಳಿಯ ಮರುದಿನ, ನಮ್ಮ ಗುಜರಾತಿ ಹೊಸವರ್ಷದಂದು, ಉರ್ವಶಿಬೆನ್ ಮನೆಗೇ ಬರುತ್ತಾರಂತೆ, ‘ಸಾಲ್ ಮುಬಾರಕ್’ ಹೇಳಲು, ಮಾಳನ್ನು ನೋಡಲು. ಚಾಳಿಗೆ! ನನಗೆ ಗೊತ್ತಿದೆ, ಬರುವುದು ನೋಡಲಿಕ್ಕೆ: ಗೋಡೆ ಎಷ್ಟು ದಪ್ಪ, ಮೋರಿ ಎಷ್ಟು ಹತ್ತಿರ, ನಾವು ಹೇಗೆ ಕೂರುತ್ತೇವೆ. ಬರಲಿ. ಏನೂ ಸಿಗದ ಹಾಗೆ ಮಾಡುತ್ತೇನೆ.

ಬಾಬಾಸಾಹೇಬರ ಪಟ ಒರೆಸಿದೆ. ಹೊಸ ಹಾಸು ಹಾಕಿದೆ. ಮಾಣೆಕ್ ಚೌಕಕ್ಕೆ ಹೋಗಿ ಬಿಳಿ ಪಿಂಗಾಣಿಯ ಕಪ್ಪುಬಸಿ ತಂದೆ, ಆರರ ಸೆಟ್ಟು, ಅಂಚಿಗೆ ಚಿನ್ನದ ಗೆರೆ. ಮಾ ಹಲ್ಲಿಗೆ ತಿಕ್ಕುವ ಹೊಗೆಸೊಪ್ಪಿನ ಪುಡಿಯ ಡಬ್ಬಿಯನ್ನು ಅಕ್ಕಿಯ ಹಿಂದೆ ಮುಚ್ಚಿಟ್ಟೆ.

"ಅವರ ಮುಂದೆ ‘ಶೇಠಾಣಿ ಒಳ್ಳೇವ್ರು, ಚಹಾ ಚೆನ್ನಾಗಿತ್ತು’ ಅಂತೆಲ್ಲ ಅನ್ಬೇಡ. ಕೇಳಿದ್ದಕ್ಕಷ್ಟೇ ಹೇಳು. ‘ಹಂಗ’ ‘ಹಿಂಗ’ ಅನ್ಬೇಡ, ನೆಟ್ಟಗೆ ಮಾತಾಡು."

"ಬಾಯೇ ಬಿಡಲ್ಲ ಬಿಡು" ಎಂದಳು ಮಾ. "ಅರೆತಲೆನೋವು ಅಂತೀನಿ."

ನವೆಂಬರ್ 14

ಬಂದರು, ಹೋದರು.

ಉರ್ವಶಿಬೆನ್ ನೆಲದ ಮೇಲೇ ಕೂತರು. "ನಂಗೆ ಹೀಗೇ ಇಷ್ಟ" ಎಂದರು. ಕುರ್ಚಿ ಒರೆಸಿಟ್ಟಿದ್ದೆ. ಹಬ್ಬಕ್ಕೆ ಕರಿದ ಮಠಿಯಾ, ಸಿಹಿ ಕಡುಬಿನಂಥ ಘೂಘ್ರಾ ಇಟ್ಟೆ. ಘೂಘ್ರಾ ಅರ್ಧ ತಿಂದು ಉಳಿದರ್ಧವನ್ನು ತಟ್ಟೆಯಂಚಿಗೆ ಸರಿಸಿದರು. ಪಟದ ಮುಂದೆ ಫೋಟೋ ತೆಗೆಯಲೇ ಎಂದು ಕೇಳಿದರು. ಮಾಳ ಕೈ ಹಿಡಿದು, "ನಿಮ್ಮ ಸಿಟ್ಟಿಗೆ ನಾನು ತಲೆ ಬಾಗ್ತೀನಿ" ಎಂದರು. ಮಾ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ.

ಚಹಾ ಚೆನ್ನಾಗಿತ್ತು. ಶುಂಠಿ ಹಾಕಿದ್ದೆ. ಹೊಸ ಕಪ್ ಎರಡು ಹೊರಗೆ ತಂದೆ, ಅವರಿಗೊಂದು ನನಗೊಂದು. ಮಾ ಏನಾದರೂ ಅಂದುಬಿಟ್ಟಾಳು ಎಂಬ ಭಯ. "ಮಾ, ನೀನು ಒಳಗೇ ಕುಡಿ" ಎಂದು ಅವಳದನ್ನು ಅವಳ ಕಪ್ಪಿಗೇ ಹೊಯ್ದು ಒಲೆಯ ಪಕ್ಕ ಇಟ್ಟೆ. ಅವಳಿಗೆ ಅದೇ ರೂಢಿ. ಕಾದಂಬರಿಯ ಕೊನೆಯ ಅಧ್ಯಾಯದ ಬಗ್ಗೆ ಒಂದು ಗಂಟೆ ನಿರಾತಂಕವಾಗಿ ಮಾತಾಡಿದೆವು. ಅವರನ್ನು ಕಾರಿನ ತನಕ ಬಿಟ್ಟುಬಂದೆ. ಚಾಳಿಯ ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನೋಡಿದರು.

ಒಟ್ಟಿನಲ್ಲಿ ನಮ್ಮ ಮಾನ ಹೋಗಲಿಲ್ಲ.

ನವೆಂಬರ್ 15

ಮಾ ಇವತ್ತು ಮಾತು ಕಡಿಮೆ. ಮೊಣಕಾಲು ನೋವಿರಬೇಕು.

ಡಿಸೆಂಬರ್ 9

ಮುಖಪುಟ ಬಂತು. ಕಪ್ಪು ಹಿನ್ನೆಲೆ, ಕೆಂಪು ಮಣ್ಣಿನ ಚೂರುಗಳು, ನಡುವೆ ನನ್ನ ಹೆಸರು: ಜಾಗೃತಿ ಸೋಲಂಕಿ. ಶಾಲೆಗೆ ಒಯ್ದು ತೋರಿಸಿದೆ. ಹೆಡ್‌ಮಾಸ್ತರರು, ಐದು ವರ್ಷದಿಂದ ನನ್ನ ಮೇಜಿನ ಹೂಜಿಯ ನೀರು ಮುಟ್ಟದವರು, ಎರಡೂ ಕೈಯಲ್ಲಿ ಹಿಡಿದು "ಅದ್ಭುತ, ಒಡೆದದ್ದು ಎಷ್ಟು ಚೆನ್ನಾಗಿ ಬಂದಿದೆ" ಎಂದರು. ನೀರು ಮಾತ್ರ ತಮ್ಮ ಬಾಟಲಿಯಿಂದಲೇ ಕುಡಿದರು. ಇವರ ಮುಖಕ್ಕೇ ಈ ಪುಸ್ತಕ ಎಸೆಯುತ್ತೇನೆ. ಜನವರಿ ಬರಲಿ.

ಡಿಸೆಂಬರ್ 22

ಕೊನೆಯ ಕರಡು ಬಂದಿದೆ. ಮೊದಲ ಹಾಳೆಯ ಮೇಲೆ ‘ಮುದ್ರಣಕ್ಕೆ ಒಪ್ಪಿಗೆ’ ಎಂದು ಬರೆದು ನಾನು ಸಹಿ ಹಾಕಬೇಕು. ಹಾಕಿದರೆ ನಾಳೆಯೇ ಯಂತ್ರಕ್ಕೆ ಹೋಗುತ್ತದೆ. ಅಂಗಳದ ಬಿಸಿಲಿನಲ್ಲಿ ಕೂತು ಪೆನ್ನು ತೆಗೆದೆ.

ಮಾ ಸೊಪ್ಪು ಬಿಡಿಸುತ್ತಿದ್ದಳು. "ಆ ಬೆನ್ ನಂಗೆ ತಲೆ ಬಾಗಿದ್ರಲ್ಲ, ಯಾವ ಸಿಟ್ಟಿಗೆ? ಅದನ್ನ ಓದು. ನಾನು ಓದೋಳಲ್ಲ, ನೀನಾದ್ರೂ ಓದಿ ಹೇಳು."

ಓದಿದೆ. ನೂರ ಎಂಬತ್ತನೇ ಪುಟ ಪೂರ್ತಿ. ಧ್ವನಿ ಏರಿಸಿಯೇ ಓದಿದೆ. ಮುಗಿಸಿ ತಲೆಯೆತ್ತಿದರೆ ಮಾ ಸೊಪ್ಪು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನಾನು ಒಡೆದೆನಾ?"

"ಕಾದಂಬರೀಲಿ, ಮಾ."

"ಮಣ್ಣಿಂದಾ?"

"ಅಲ್ವಾ?"

ಎದ್ದಳು. ಮೊಣಕಾಲು ಹಿಡಿದುಕೊಂಡೇ ಒಳಗೆ ಹೋಗಿ ತನ್ನ ಕಪ್ಪನ್ನು ತಂದು ನನ್ನ ಕರಡಿನ ಮೇಲೆ ಇಟ್ಟಳು. ಕಿವಿ ಮುರಿದದ್ದು, ಅಂಚಿಗೆ ಸವೆದ ನೀಲಿ ಹೂ.

"ಇದೇ. ಎಂಟು ವರ್ಷದಿಂದ ನಿನ್ನ ಕಣ್ಮುಂದೆ ಕುಡೀತಿದೀನಿ. ಎಲ್ಲಿಂದ ಬಂತು ಅಂತ ಒಂದಿನ ಕೇಳಿದ್ಯಾ?"

ಅವಳೇ ಹೇಳಿದಳು, ಸೊಪ್ಪು ಬಿಡಿಸುತ್ತ, ಅವಸರವಿಲ್ಲದೆ. ಅವಳ ಮಾತನ್ನು ಹಾಗೇ ಬರೆದಿಡುತ್ತೇನೆ.

"ಕಾಲು ಕೈಕೊಡ್ತು, ಇನ್ನು ಬರಲ್ಲ ಅಂತ ಹೇಳಿದ ದಿನ. ಕೆಲಸ ಎಲ್ಲ ಮುಗಿಸ್ದೆ. ಚಹಾ ಕುಡಿದೆ. ಕಪ್ ತೊಳೆದೆ. ಗೂಡಿಗೆ ಬೋರಲು ಹಾಕೋ ಬದಲು ಸೆರಗಲ್ಲಿ ಕಟ್ಕೊಂಡೆ. ಮುಂಬಾಗಿಲಿಗೆ ಹೋಗಿ ಗಂಟೆ ಒತ್ತಿದೆ. ಮೂವತ್ತೊಂದು ವರ್ಷದಲ್ಲಿ ಆ ಗಂಟೆ ಒತ್ತಿದ್ದು ಅವತ್ತೇ. ಶೇಠಾಣಿ ಬಂದ್ಲು. ‘ಈ ಕಪ್ ತಗೊಂಡ್ ಹೋಗ್ತಿದೀನಿ ಬಾಯಿಸಾಹೇಬ್’ ಅಂದೆ. ‘ಅಯ್ಯೋ ಜೀವಿ, ಆ ಮುರುಕು ಯಾಕೆ? ಹೊಸ ಸ್ಟೀಲ್ ಲೋಟ ಕೊಡ್ತೀನಿ ತಡಿ’ ಅಂದ್ಲು. ‘ಬೇಡ. ಇದ್ರಲ್ಲಿ ನಾನೊಬ್ಳೇ ಕುಡಿದಿರೋದು. ನನ್ನ ಎಂಜಲು. ನಾಳೆ ಬರೋಳು ನನ್ನ ಎಂಜಲು ಯಾಕೆ ಕುಡೀಬೇಕು? ಅವಳಿಗೆ ನಿಮ್ಮ ಕಪಾಟಿಂದ ಕೊಡಿ’ ಅಂದೆ."

"ಅದಕ್ಕೆ ಅವಳೇನಂದ್ಲು?"

"ಏನಂತಾಳೆ? ಎಂಜಲು ಮೈಲಿಗೆ ಅಂತ ಕಲಿಸಿದೋಳೇ ಅವಳು. ಬಾಯಿ ತೆರೆದಳು, ಮುಚ್ಚಿದಳು. ಮೀನಿನ ಹಾಗೆ."

ನಾನು ನಗಲಿಲ್ಲ. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಅಷ್ಟಕ್ಕೇ ಮುಗೀಲಿಲ್ಲ. ನನ್ನ ಜಾಗಕ್ಕೆ ಹೋದ ಸಮು ಹೇಳಿದ್ಲು. ಕಪಾಟಿಂದ ಕೊಡೋಕೆ ಮನಸ್ಸು ಬರ್ಲಿಲ್ಲ. ಶೇಠಾಣಿನೇ ಕಾರಲ್ಲಿ ಮಾಣೆಕ್ ಚೌಕಕ್ಕೆ ಹೋದ್ಲಂತೆ. ‘ಒಂದು ಕಪ್ ಕೊಡಿ’ ಅಂದ್ಲಂತೆ. ಅಂಗಡಿಯವನು, ‘ಒಂದು ಮಾರಲ್ಲ ಬೆನ್, ಆರರ ಸೆಟ್ಟು. ಒಂದೇ ಯಾಕೆ?’ ಅಂದ. ಅಷ್ಟು ಜನ ನಿಂತಿದ್ದಾರೆ. ಏನಂತ ಹೇಳ್ತಾಳೆ? ಆರೂ ತಂದ್ಲು. ಒಂದನ್ನ ಗೂಡಿಗೆ ಇಟ್ಲು. ಐದನ್ನ ಒಳಗೆ."

"ಕೊನೆಗೂ ಗೂಡಿಗೇ ತಾನೇ ಬಂತು, ಮಾ? ಏನು ಬದಲಾಯ್ತು? ಏನು ಗೆದ್ದೆ ನೀನು?" ನನ್ನ ಧ್ವನಿ ಏರಿತು. ಇಡೀ ಚಾಳಿಗೆ ಕೇಳಿಸಿರಬೇಕು. "ಒಡೆದಿದ್ರೆ ಅವಳ ಎದೆ ಒಡೀತಿತ್ತು!"

"ಒಡೆದಿದ್ರೆ ಗುಡಿಸೋಕೆ ಯಾರನ್ನ ಕರೀತಿದ್ಲು?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ಬಿಡಿಸಿದ ಸೊಪ್ಪನ್ನು ಮೊರಕ್ಕೆ ತುಂಬುತ್ತ, ನನ್ನ ಕಡೆ ನೋಡದೆ, ಸೊಪ್ಪಿಗೆ ಹೇಳುವಂತೆ ಅಂದಳು:

"ನೀನೂ ಆರು ತಂದೆ. ಅವತ್ತು ನಾವು ಮೂರೇ ಜನ ಇದ್ವಿ."

ಸಹಿ ಹಾಕಿಲ್ಲ.

ಡಿಸೆಂಬರ್ 23

ಏನೂ ಬರೆಯಲಾರೆ.

ಡಿಸೆಂಬರ್ 24

ಶಾಲೆಗೆ ರಜೆ ಹಾಕಿ ಪ್ರಕಾಶನಕ್ಕೆ ಹೋದೆ. ನೂರ ಎಂಬತ್ತನೇ ಪುಟ ಹೊಸದಾಗಿ ಬರೆದು ಒಯ್ದಿದ್ದೆ: ಮುಂಬಾಗಿಲ ಗಂಟೆ, ಎಂಜಲು, ಮಾಣೆಕ್ ಚೌಕ. ಉರ್ವಶಿಬೆನ್ ನಿಂತೇ ಓದಿದರು.

"ಚೆನ್ನಾಗಿದೆ. ಆದ್ರೆ ಸಣ್ಣದು, ಜಾಗೃತಿಬೆನ್. ಮುರುಕು ಕಪ್ ಮನೆಗೆ ತಗೊಂಡು ಹೋಗೋದು... ಕಥೆ ಕೆಳಗಿಳೀತದೆ. ಓದೋರಿಗೆ ಬಿಡುಗಡೆ ಸಿಗಲ್ಲ."

"ಅವರಿಗೆ ಯಾಕೆ ಸಿಗಬೇಕು?"

"ಅಂದ್ರೆ?"

"ಒಡೆದ್ರೆ ನಿಮಗೆಲ್ಲ ಹಗುರ ಆಗುತ್ತೆ. ಚಪ್ಪಾಳೆ ಹೊಡೀಬಹುದು. ಬಟ್ಟಲು ಹೋಯ್ತು, ಪಾಪ ಹೋಯ್ತು. ಅದು ಹೋಗಿಲ್ಲ ಉರ್ವಶಿಬೆನ್. ನಮ್ಮನೆ ಗೂಡಲ್ಲಿದೆ. ನಿಮ್ಮನೇಲಿ ಕೆಲಸ ಮಾಡೋ ಹೆಂಗಸು ಯಾವುದ್ರಲ್ಲಿ ಕುಡೀತಾಳೆ?"

ಅವರ ಮುಖ ಕೆಂಪಾಯಿತು. "ನಾವು ಅಂಥವರಲ್ಲ. ಅವಳಿಗೆ ಅವಳದ್ದೇ ಸ್ಟೀಲ್ ಲೋಟ ಇದೆ" ಎಂದರು. ಹೇಳಿದ ಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತು. ನಾನು ಬಾಯಿ ತೆರೆದೆ, ಮುಚ್ಚಿದೆ. ಯಾವ ಮುಖದಲ್ಲಿ ಅನ್ನಲಿ? ನವೆಂಬರ್ ಹದಿನಾಲ್ಕರಂದು ಮಾಳ ಕಪ್ಪನ್ನು ಒಲೆಯ ಪಕ್ಕ ಇಟ್ಟವಳು ನಾನೇ.

"ಮುಖಪುಟ ಅಚ್ಚಾಗಿಬಿಟ್ಟಿದೆ" ಎಂದರು ಕೊನೆಗೆ. "ಚೂರು ಇರಲೇಬೇಕು. ಇಲ್ಲಾಂದ್ರೆ ಪುಸ್ತಕ ಇಲ್ಲ. ನಿಮ್ಮ ಒಂಬತ್ತು ವರ್ಷ ನೋಡಿ ಹೇಳ್ತಿದೀನಿ. ಸಂಜೆವರೆಗೂ ಯೋಚನೆ ಮಾಡಿ."

ಮೇಜಿನ ಮೇಲೆ ಗಾಜಿನ ಹೂದಾನಿ ಇತ್ತು. ಕೈ ಅದರ ಹತ್ತಿರವೇ ಇತ್ತು. ಎಷ್ಟು ಸುಲಭ! ಖೇಮಚಂದ್ ಕಾಕಾ ಕುಣಿದಾಡುತ್ತಿದ್ದರು. ಉರ್ವಶಿಬೆನ್ನರಿಗೂ ಒಂದು ಕಥೆ ಸಿಗುತ್ತಿತ್ತು, ವರ್ಷಗಟ್ಟಲೆ ಹೇಳಿಕೊಳ್ಳಲು. ಸಂಜೆ ಯಾರೋ ಬಂದು ಗುಡಿಸುತ್ತಿದ್ದಳು.

ಕಪಾಟಿನಲ್ಲಿದ್ದ ನನ್ನ ಹಸ್ತಪ್ರತಿಯ ಏಳು ನೋಟ್‌ಬುಕ್ ಕೇಳಿ ತೆಗೆಸಿದೆ. ಕರಡನ್ನೂ ಸೇರಿಸಿ ದುಪಟ್ಟಾದಲ್ಲಿ ಕಟ್ಟಿದೆ.

"ಏನಿದು, ಜಾಗೃತಿಬೆನ್?"

"ನನ್ನ ಎಂಜಲು" ಎಂದೆ.

ಒಂಬತ್ತು ವರ್ಷ ದುಪಟ್ಟಾದ ಗಂಟಿನಲ್ಲಿ ಮೂಲೆಗೆ ಬಿದ್ದಿದೆ. ಅಳಬೇಕೋ ಕಿರುಚಬೇಕೋ ತಿಳಿಯದು. ಜನವರಿಯಲ್ಲಿ ಅವರು ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತಾರೆ, ಒಡೆಯಲು ಒಪ್ಪುವವಳನ್ನು. ಹುಡುಕಲಿ. ಬಾಗಿಲು ಬಾಗಿಲಿಗೆ ಹೋಗಿ ಕೇಳಲಿ, ಒಂದು ಕೊಡಿ, ಒಂದೇ ಒಂದು ಕೊಡಿ ಎಂದು.

ನಾಲ್ಕೂವರೆಗೆ ಮನೆ ಮುಟ್ಟಿದ್ದೆ. ಮಾ ಗಂಟು ನೋಡಿದಳು.

"ಜಗಳ ಆಡಿದ್ಯಾ? ಏನಾದ್ರೂ ಒಡೆದ್ಯಾ?"

"ಇಲ್ಲ. ಎತ್ಕೊಂಡು ಬಂದೆ."

"ಖೇಮಾಭಾಯ್ ಯಂತ್ರ ತುಕ್ಕು ಹಿಡೀತಿದೆ ಅಂತಿದ್ರು" ಎಂದಳು, ಅಷ್ಟೇ. ಹೊಗೆಸೊಪ್ಪಿನ ಡಬ್ಬಿ ತೆಗೆದು ಹಲ್ಲಿಗೆ ತಿಕ್ಕಿಕೊಂಡಳು.

ಚಹಾ ನಾನೇ ಮಾಡಿದೆ. ಚಿನ್ನದ ಗೆರೆಯ ಕಪ್ ಎರಡು ತೊಳೆದು ಹಾಸಿನ ಮೇಲಿಟ್ಟು ಅವಳ ಮುಂದೆ ಕೂತೆ. ಅವಳು ಹೊಸದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. "ಇದ್ರಲ್ಲಿ ಚಹಾ ಬೇಗ ಆರತ್ತೆ." ತನ್ನದಕ್ಕೇ ಹೊಯ್ಸಿಕೊಂಡಳು. ಅವಳು ಎರಡು ಗುಟುಕು ಕುಡಿದ ಮೇಲೆ ನಾನು ಕೈ ಚಾಚಿದೆ.

"ಒಂದು ಗುಟುಕು ಕೊಡು."

"ಎಂಜಲು ಕಣೆ."

"ಕೊಡು."

ಕೊಟ್ಟಳು. ಹಿಡಿದ ಕೂಡಲೇ ಬೆರಳು ಚುರ್ರೆಂದಿತು. ಇನ್ನೊಂದು ಕೈ ತಂದೆ, ಅದೂ ಸುಟ್ಟಿತು. ಚಹಾ ಹಾಸಿನ ಮೇಲೆ ತುಳುಕಿತು.

"ಹಾಗಲ್ಲ" ಎಂದು ಮಾ ತನ್ನ ಸೆರಗಿನ ತುದಿಯನ್ನು ನನ್ನ ಅಂಗೈಗೆ ಹಾಕಿದಳು. "ಅಂಚು ಹಿಡಿ. ಹೊಟ್ಟೆ ಹಿಡೀಬಾರ್ದು."

ಒಂಬತ್ತು ವರ್ಷ ಅದರ ಬಗ್ಗೆ ಬರೆದೆ. ಹಿಡಿಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.